ಕೆರೆ ತುಂಬುವಾಗಲೂ ನೋಡಿ, ಇಳಿಯುವಾಗಲೂ ನೋಡಿ: ಜಲಾಶಯದ ದಡ ಜಾರುವ ಮುನ್ನ ಗುರುತಿಸುವ ಬಗೆ

ಕೆರೆ ಕೋಡಿ ಬಿತ್ತೆಂದರೆ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಊರಿಗೆ ಊರೇ ಏರಿಯ ಮೇಲಿರುತ್ತದೆ. ಬಾಗಿನ ಬಿಡುತ್ತಾರೆ, ಫೋಟೋ ತೆಗೆಯುತ್ತಾರೆ, ತೂಬಿನ ಬಳಿ ಪೂಜೆ ನಡೆಯುತ್ತದೆ. ಅದೇ ಕೆರೆ ನಾಲ್ಕು ತಿಂಗಳ ಬಳಿಕ ಇಳಿಯತೊಡಗಿದಾಗ ಏರಿಯತ್ತ ತಿರುಗಿ ನೋಡುವವರು ಕಡಿಮೆ. ಆದರೆ ಮಣ್ಣು ಜಾರುವುದು ನೀರು ತುಂಬಿ ನಿಂತಾಗ ಮಾತ್ರವಲ್ಲ. ನೀರಿನ ಮಟ್ಟ ಬೇಗ ಬೇಗ ಬದಲಾಗುವಾಗ, ಅಂದರೆ ಏರುವಾಗಲೂ ಇಳಿಯುವಾಗಲೂ, ದಡ ಸಡಿಲವಾಗುತ್ತದೆ. ಕೆರೆ ಅಥವಾ ಜಲಾಶಯದ ದಡದಲ್ಲಿ, ಏರಿಯ ಕೆಳಗೆ, ಬೆಟ್ಟದ ಬುಡದಲ್ಲಿ ಮನೆ, ಹೊಲ, ಕೊಟ್ಟಿಗೆ ಇರುವವರಿಗಾಗಿ ಈ ಮಾರ್ಗದರ್ಶಿ. ಬೇಕಾಗುವ ಸಾಮಾನು ಒಂದು ಟೇಪು, ಕೆಲವು ಕಬ್ಬಿಣದ ಸರಳು, ಒಂದು ನೋಟ್‌ಬುಕ್ಕು ಮತ್ತು ಮೊಬೈಲಿನ ಕ್ಯಾಮೆರಾ.

ಮೊದಲಿಗೆ ಒಂದು ಮಾತು. ನಮ್ಮದು ಗಟ್ಟಿ ಗ್ರಾನೈಟಿನ ಬಯಲುಸೀಮೆ. ಕೊಡಗಿನಲ್ಲಿ, ಸಕಲೇಶಪುರದಲ್ಲಿ ಆಗುವಂತೆ ಬೆಟ್ಟದ ಮೈಯೇ ಕಳಚಿ ಬೀಳುವ ಸಾಧ್ಯತೆ ಇಲ್ಲಿ ಕಡಿಮೆ. ಆದ್ದರಿಂದ ಇದನ್ನು ಓದಿ ಯಾರೂ ಮನೆ ಬಿಟ್ಟು ಓಡಬೇಕಾಗಿಲ್ಲ. ಆದರೂ ಮೂರು ಬಗೆಯ ಕುಸಿತ ಇಲ್ಲಿ ನಿಜ: ಮಣ್ಣಿನ ಏರಿಯ ಮೈ ಜಾರುವುದು, ರಸ್ತೆಗೋ ಮನೆಗೋ ಅಗೆದ ದಿಣ್ಣೆ ಕುಸಿಯುವುದು, ಸಡಿಲ ಮಣ್ಣಿನಲ್ಲಿ ಹುದುಗಿರುವ ಗುಂಡುಗಲ್ಲು ಉರುಳುವುದು. 2021ರ ಆಗಸ್ಟ್ 24ರ ರಾತ್ರಿ ಸುರಿದ ಮಳೆಗೆ ನಂದಿ ಬೆಟ್ಟದ ರಸ್ತೆಯ ಮೇಲೆ ಮಣ್ಣೂ ಬಂಡೆಯೂ ಜಾರಿ ಬಂದು, ರಸ್ತೆ ಕೊಚ್ಚಿಹೋಗಿ, ಬೆಟ್ಟ ಪ್ರವಾಸಿಗರಿಗೆ ತಿಂಗಳುಗಟ್ಟಲೆ ಮುಚ್ಚಿತ್ತು. ಬಯಲುಸೀಮೆಯಲ್ಲಿ ಮಣ್ಣು ಕುಸಿಯುವುದಿಲ್ಲ ಎಂಬ ನಂಬಿಕೆಯನ್ನು ಅಂದೇ ಕೈಬಿಡಬೇಕಿತ್ತು.

ದಡ ಏಕೆ ಜಾರುತ್ತದೆ

ಇದನ್ನು ತಿಳಿಯದೆ ಏರಿಯ ಮೇಲೆ ಓಡಾಡಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಇಳಿಜಾರಿನ ಮಣ್ಣನ್ನು ಹಿಡಿದಿಟ್ಟಿರುವುದು ಕಣ ಕಣಗಳ ನಡುವಿನ ತಿಕ್ಕಾಟ. ಮಣ್ಣಿನೊಳಗೆ ನೀರು ತುಂಬಿದಾಗ ಆ ನೀರು ಕಣಗಳನ್ನು ಒಂದರಿಂದೊಂದು ದೂರ ತಳ್ಳುತ್ತದೆ. ತಿಕ್ಕಾಟ ಕುಗ್ಗುತ್ತದೆ, ಭಾರ ಮಾತ್ರ ಹೆಚ್ಚುತ್ತದೆ. ನೀರು ಒಂದು ಮೀಟರ್ ಏರಿದರೆ ತಳದಲ್ಲಿ ಪ್ರತಿ ಚದರ ಮೀಟರಿಗೆ ಒಂದು ಟನ್ನಿನಷ್ಟು ಒತ್ತಡ ಹೆಚ್ಚುತ್ತದೆ ಎಂದರೆ, ಹತ್ತು ಮೀಟರ್ ಆಳದ ಜಲಾಶಯ ತನ್ನ ದಡದ ಬುಡಕ್ಕೆ ಏನು ಮಾಡುತ್ತದೆಂದು ಊಹಿಸಬಹುದು.

ಇಳಿಯುವಾಗಿನ ಕಥೆ ಇನ್ನೂ ಸೂಕ್ಷ್ಮ. ಕೆರೆ ತುಂಬಿರುವಾಗ ಹೊರಗಿನ ನೀರು ದಡಕ್ಕೆ ಒತ್ತಿಕೊಂಡು ನಿಂತು ಅದಕ್ಕೆ ಆಸರೆಯಾಗಿರುತ್ತದೆ. ತೂಬನ್ನು ಪೂರ್ತಿ ಎತ್ತಿ ನೀರನ್ನು ಬೇಗ ಇಳಿಸಿದರೆ, ಗೋಡೆಗೆ ಒರಗಿ ನಿಂತವನ ಬೆನ್ನ ಹಿಂದಿನ ಗೋಡೆಯನ್ನು ಸರಕ್ಕನೆ ಎಳೆದಂತಾಗುತ್ತದೆ. ಹೊರಗಿನ ಆಸರೆ ಹೋಯಿತು, ಜೇಡಿ ಮಣ್ಣಿನೊಳಗಿನ ನೀರು ಮಾತ್ರ ಹಾಗೆಯೇ ಉಳಿಯಿತು, ಏಕೆಂದರೆ ಜೇಡಿಯಿಂದ ನೀರು ಬಸಿಯಲು ದಿನಗಳೇ ಬೇಕು. ಹಸಿ ಭಾರದ ಆ ಮಣ್ಣು ಕೆರೆಯ ಒಳಮೈಯತ್ತ ಜಾರುತ್ತದೆ.

ಇದಕ್ಕೆ ಜಗತ್ತು ತೆತ್ತ ದೊಡ್ಡ ಬೆಲೆ ಇಟಲಿಯ ವಾಯೋಂಟ್. 260 ಮೀಟರಿಗೂ ಹೆಚ್ಚು ಎತ್ತರದ ಆ ಅಣೆಕಟ್ಟೆಯ ಹಿಂದೆ ನೀರು ನಿಲ್ಲಿಸತೊಡಗಿದ ಕೆಲವೇ ತಿಂಗಳಲ್ಲಿ, 1960ರ ಅಕ್ಟೋಬರ್‌ನಲ್ಲಿ, ಪಕ್ಕದ ಟೋಕ್ ಬೆಟ್ಟದ ಇಳಿಜಾರಿನಲ್ಲಿ ಸುಮಾರು 2 ಕಿಲೋಮೀಟರ್ ಉದ್ದದ ಬಿರುಕು ಬಾಯ್ದೆರೆಯಿತು. ನವೆಂಬರ್ 4ರಂದು ಸುಮಾರು 7 ಲಕ್ಷ ಘನ ಮೀಟರ್ ಮಣ್ಣು ಜಲಾಶಯಕ್ಕೆ ಬಿತ್ತು. ನೀರನ್ನು ಹದವಾಗಿ ಏರಿಸಿ ಇಳಿಸಿದರೆ ಬೆಟ್ಟದ ಜಾರುವಿಕೆಯನ್ನು ಹಿಡಿತದಲ್ಲಿಡಬಹುದೆಂದು ಎಂಜಿನಿಯರುಗಳು ನಂಬಿದರು. 1963ರಲ್ಲಿ ಚಲನೆ ಜೋರಾದಾಗ ಮಟ್ಟವನ್ನು ಇಳಿಸತೊಡಗಿದರು. ಇಳಿಸುತ್ತಿರುವಾಗಲೇ ಅಕ್ಟೋಬರ್ 9ರ ರಾತ್ರಿ ಸುಮಾರು 27 ಕೋಟಿ ಘನ ಮೀಟರ್ ಬೆಟ್ಟ ಒಮ್ಮೆಲೇ ಜಲಾಶಯಕ್ಕೆ ನುಗ್ಗಿತು. ಅಣೆಕಟ್ಟೆ ಒಡೆಯಲಿಲ್ಲ, ಇಂದಿಗೂ ನಿಂತಿದೆ. ನೀರೇ ಅದರ ನೆತ್ತಿಯ ಮೇಲಿಂದ ಹಾರಿ ಕೆಳಗಿನ ಲೋಂಗರೋನೆ ಪಟ್ಟಣವನ್ನು ಅಳಿಸಿತು. ಸುಮಾರು 2,000 ಜನ ಸತ್ತರು. ಚೀನಾದ ತ್ರೀ ಗಾರ್ಜಸ್ ಜಲಾಶಯವನ್ನು ಮೊದಲ ಬಾರಿ 135 ಮೀಟರ್ ಮಟ್ಟಕ್ಕೆ ತುಂಬಿಸಿದ ಮರುತಿಂಗಳೇ, 2003ರ ಜುಲೈನಲ್ಲಿ, ಅದರ ಉಪನದಿಯೊಂದರ ದಡದ ಚಿಯಾನ್‌ಜಿಯಾಂಗ್‌ಪಿಂಗ್‌ನಲ್ಲಿ ಬೆಟ್ಟ ಜಾರಿ 24 ಜನ ಪ್ರಾಣ ಕಳೆದುಕೊಂಡರು. ಅಲ್ಲಿ ಜಲಾಶಯದ ಏರಿಕೆಗೆ ಮಳೆಯೂ ಜೊತೆಗೂಡಿತ್ತು.

ನಮ್ಮ ಶ್ರೀನಿವಾಸ ಸಾಗರ, ಜಕ್ಕಲಮಡುಗು, ಗುಡಿಬಂಡೆಯ ಅಮಾನಿ ಭೈರಸಾಗರಗಳನ್ನು ಇವುಗಳ ಗಾತ್ರಕ್ಕೆ ಹೋಲಿಸುವುದು ತಪ್ಪು. ಆದರೆ ಮಣ್ಣಿನೊಳಗೆ ನಡೆಯುವ ಕೆಲಸ ಎಲ್ಲ ಕಡೆಯೂ ಒಂದೇ. ವಾಯೋಂಟ್‌ನಲ್ಲಿ ಬಿರುಕು ಮೂರು ವರ್ಷ ಮೊದಲೇ ಕಂಡಿತ್ತು ಎಂಬುದನ್ನು ಮಾತ್ರ ಯಾರೂ ಮರೆಯಬಾರದು.

ನಮ್ಮ ಕೆರೆಗಳಲ್ಲಿ ಈಗ ಬದಲಾಗಿರುವುದೇನು

ಕೋಲಾರಕ್ಕೆ 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಹರಿಯುತ್ತಿದೆ. ದಿನಕ್ಕೆ 44 ಕೋಟಿ ಲೀಟರ್ ನೀರಿನಿಂದ 126 ಕೆರೆಗಳನ್ನು ತುಂಬಿಸುವ ಯೋಜನೆ ಅದು. ಚಿಕ್ಕಬಳ್ಳಾಪುರದ ಕಡೆಗೆ ಹೆಬ್ಬಾಳ–ನಾಗವಾರ ಕಣಿವೆಯ ನೀರು ಬಂದಿದೆ. ಆ ನೀರಿನ ಗುಣಮಟ್ಟದ ಚರ್ಚೆ ಬೇರೆ, ಅದೂ ಮುಖ್ಯವೇ. ನಾನಿಲ್ಲಿ ಹೇಳುತ್ತಿರುವುದು ಏರಿಗಳ ಮಾತು. ಎಷ್ಟೋ ವರ್ಷ ಒಣಗಿ ಬಿರುಕುಬಿಟ್ಟ, ಬಳ್ಳಾರಿ ಜಾಲಿಯ ಬೇರುಗಳು ಹೊಕ್ಕ, ಇಲಿ ಹೆಗ್ಗಣಗಳು ಬಿಲ ತೋಡಿದ ಮಣ್ಣಿನ ಏರಿಗಳು ಈಗ ವರ್ಷವಿಡೀ ನೀರನ್ನು ತಡೆದು ನಿಲ್ಲಬೇಕಾಗಿದೆ. ಮಳೆಗಾಲದ ಮೂರು ತಿಂಗಳ ನೀರಿಗೆ ಒಗ್ಗಿದ್ದ ಏರಿಗೆ ಇದು ಹೊಸ ಹೊರೆ. ಅದರ ಮೇಲೆ 2021ರಲ್ಲಿ ಬಂದಂಥ ಹಿಂಗಾರು ಮಳೆ ಬಿದ್ದರೆ, ಮೊದಲೇ ತುಂಬಿದ ಕೆರೆಗೆ ತಡೆದುಕೊಳ್ಳುವ ಜಾಗವೇ ಇರುವುದಿಲ್ಲ.

ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನಲ್ಲಿ ಎತ್ತಿನಹೊಳೆ ಯೋಜನೆಗಾಗಿ ಬೈರಗೊಂಡ್ಲು ಜಲಾಶಯದ ಪ್ರಸ್ತಾವ ಇದೆ. ಅದರ ಸುತ್ತಲಿನ ಹಳ್ಳಿಗಳವರು ಪರಿಹಾರದ ಮೊತ್ತದಷ್ಟೇ ಗಟ್ಟಿಯಾಗಿ ಕೇಳಬೇಕಾದ ಪ್ರಶ್ನೆಯೊಂದಿದೆ: ನೀರಿನ ಅಂಚಿಗೆ ಬರುವ ಇಳಿಜಾರುಗಳ ಸ್ಥಿರತೆಯನ್ನು ಪರೀಕ್ಷಿಸಿದ್ದಾರೆಯೇ, ಮೊದಲ ತುಂಬುವಿಕೆ ಯಾವ ವೇಗದಲ್ಲಿ ನಡೆಯುತ್ತದೆ? ಜಲಾಶಯದ ದಡಕ್ಕೆ ಮೊದಲ ತುಂಬುವಿಕೆಯೇ ದೊಡ್ಡ ಪರೀಕ್ಷೆ.

ಹೆಜ್ಜೆ ಒಂದು: ನಕ್ಷೆ ಬರೆಯಿರಿ

ಮೇ ತಿಂಗಳಲ್ಲಿ, ಕೆರೆ ಇಳಿದಿರುವಾಗ ಇದನ್ನು ಮಾಡಿ. ಒಂದು ಹಾಳೆಯಲ್ಲಿ ಕೆರೆ, ಏರಿ, ತೂಬುಗಳು, ಕೋಡಿ, ಕೆರೆಗೆ ಬರುವ ಕಾಲುವೆಗಳು, ಏರಿಯ ಕೆಳಗಿನ ಮನೆಗಳು, ಬೆಟ್ಟದ ಬುಡದ ಮನೆಗಳನ್ನು ಗುರುತಿಸಿ. ಊರಿನ ಹಿರಿಯರನ್ನು, ನೀರಗಂಟಿ ಇನ್ನೂ ಇದ್ದರೆ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ. ಹಿಂದೆ ಏರಿ ಎಲ್ಲಿ ಒಡೆದಿತ್ತು, ಎಲ್ಲಿ ಮಣ್ಣು ತುಂಬಿದರು, ಹಳೆಯ ಹಳ್ಳದ ದಾರಿ ಯಾವುದು ಎಂಬುದು ಅವರ ನೆನಪಿನಲ್ಲಿರುತ್ತದೆ. ಒಮ್ಮೆ ಒಡೆದು ಮುಚ್ಚಿದ ಜಾಗ ಮತ್ತೆ ಕೈಕೊಡುವುದು ಸಾಮಾನ್ಯ, ಏಕೆಂದರೆ ಹೊಸ ಮಣ್ಣೂ ಹಳೆಯ ಮಣ್ಣೂ ಸೇರುವಲ್ಲಿ ನೀರಿಗೆ ದಾರಿ ಸಿಗುತ್ತದೆ. ತೂಬಿನ ಕಲ್ಲುಕಟ್ಟಡ ಮಣ್ಣಿಗೆ ಸೇರುವ ಜಾಗವೂ ಅಂಥದ್ದೇ. ನಕ್ಷೆಯಲ್ಲಿ ಇವುಗಳನ್ನು ಕೆಂಪು ಶಾಯಿಯಲ್ಲಿ ಬರೆಯಿರಿ.

ತೂಬಿನ ಕಲ್ಲುಕಂಬದ ಮೇಲೆ ಅರ್ಧ ಅಡಿಗೊಂದರಂತೆ ಬಣ್ಣದ ಗೆರೆ ಹಾಕಿ ಸಂಖ್ಯೆ ಬರೆಯಿರಿ. ಖರ್ಚಿಲ್ಲದ ಈ ಗೆರೆಗಳು ಮುಂದೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಹೆಜ್ಜೆ ಎರಡು: ಬಿರುಕನ್ನು ಓದಿ

ಎಲ್ಲ ಬಿರುಕೂ ಅಪಾಯವಲ್ಲ. ಬೇಸಿಗೆಯಲ್ಲಿ ಕೆರೆ ಅಂಗಳದ ಗೋಡುಮಣ್ಣು ಜೇನುಗೂಡಿನಂತೆ ತುಂಡು ತುಂಡಾಗಿ ಸೀಳುವುದು ಬರೀ ಒಣಗುವಿಕೆ. ಏರಿಯ ಮೇಲೆ ಮೂರು ಬಗೆಯ ಬಿರುಕುಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು.

ಏರಿಯ ಉದ್ದಕ್ಕೆ, ಏರಿಗೆ ಸಮಾನಾಂತರವಾಗಿ ಸಾಗುವ ನೇರ ಬಿರುಕು ಒಣಗುವಿಕೆಯಿಂದಲೂ ಆಗಬಹುದು, ಮಣ್ಣು ಕುಳಿತದ್ದರಿಂದಲೂ ಆಗಬಹುದು. ಅಳತೆ ಮಾಡುತ್ತಾ ಕಾಯಿರಿ. ಎರಡು ತುದಿಗಳೂ ಇಳಿಜಾರಿನ ಕೆಳಕ್ಕೆ ಬಾಗಿ ಬಿಲ್ಲಿನಂತೆ ಕಾಣುವ ಬಿರುಕು, ಅದರಲ್ಲೂ ಕೆಳಗಿನ ಭಾಗ ಒಂದೆರಡು ಬೆರಳು ತಗ್ಗಿದ್ದರೆ, ಮಣ್ಣಿನ ತುಂಡೊಂದು ಈಗಾಗಲೇ ಕಳಚಿಕೊಳ್ಳಲು ಆರಂಭಿಸಿದೆ ಎಂದರ್ಥ. ಇದನ್ನು ಅಂದೇ ತಿಳಿಸಬೇಕು. ಏರಿಯನ್ನು ಅಡ್ಡಲಾಗಿ, ಕೆರೆಯ ಕಡೆಯಿಂದ ಹೊಲದ ಕಡೆಗೆ ಸೀಳುವ ಬಿರುಕು ಇನ್ನೂ ಕೆಟ್ಟದ್ದು, ನೀರು ಏರಿದಾಗ ಅದೇ ಕಾಲುವೆಯಾಗುತ್ತದೆ. ಇಂಥ ಬಿರುಕಿರುವ ಏರಿಯನ್ನು ಎಂಜಿನಿಯರು ನೋಡದೆ ಆ ವರ್ಷ ತುಂಬಲು ಬಿಡಬಾರದೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಅಳೆಯುವುದು ಹೇಗೆ? ಬಿರುಕಿನ ಎರಡೂ ಪಕ್ಕ, ಅಂಚಿನಿಂದ ಒಂದೂವರೆ ಅಡಿ ಬಿಟ್ಟು, ಎರಡಡಿ ಉದ್ದದ ಕಬ್ಬಿಣದ ಸರಳುಗಳನ್ನು ಬಿಗಿಯಾಗಿ ಬಡಿಯಿರಿ. ಮೇಲೆ ನಾಲ್ಕು ಬೆರಳಷ್ಟೇ ಕಾಣಲಿ. ಪ್ರತಿ ಸರಳಿನ ತಲೆಯ ಮೇಲೆ ಒಂದು ಗೀಟು ಕೊರೆಯಿರಿ. ಗೀಟಿನಿಂದ ಗೀಟಿಗೆ ಉಕ್ಕಿನ ಟೇಪಿನಲ್ಲಿ ಅಳೆದು ದಿನಾಂಕ, ಸಮಯ, ಕೆರೆಯ ಮಟ್ಟ, ಹಿಂದಿನ ದಿನದ ಮಳೆ ಇವನ್ನೆಲ್ಲ ಒಂದೇ ಸಾಲಿನಲ್ಲಿ ಬರೆಯಿರಿ. ಬಟ್ಟೆಯ ಟೇಪು ಹಿಗ್ಗುತ್ತದೆ, ಬೇಡ. ಮನೆಯ ಗೋಡೆಯಲ್ಲಿ ಬಿರುಕಿದ್ದರೆ ತೆಳುವಾದ ಗಾಜಿನ ಪಟ್ಟಿಯನ್ನು ಅಡ್ಡಲಾಗಿ ಸಿಮೆಂಟಿನಿಂದ ಅಂಟಿಸಿ. ಗೋಡೆ ಅಲುಗಿದರೆ ಗಾಜು ಸೀಳುತ್ತದೆ.

ಓದಬೇಕಾದದ್ದು ಅಳತೆಯ ದೊಡ್ಡತನವನ್ನಲ್ಲ, ಅದರ ವೇಗವನ್ನು. ಒಂದು ಬಿರುಕು ಬೇಸಿಗೆಯಿಡೀ ಎರಡು ಬೆರಳಷ್ಟಿದ್ದು ಹಾಗೆಯೇ ನಿಂತಿದ್ದರೆ ಭಯವಿಲ್ಲ. ಇನ್ನೊಂದು ಈ ವಾರ ಎರಡು ಮಿಲಿಮೀಟರ್, ಮುಂದಿನ ವಾರ ಐದು, ಅದರ ಮುಂದಿನ ವಾರ ಹನ್ನೆರಡು ಎಂದು ಬೆಳೆದರೆ, ಕಣ್ಣಿಗೆ ಚಿಕ್ಕದಾಗಿ ಕಂಡರೂ ಅದು ಓಡಲು ಸಿದ್ಧವಾಗುತ್ತಿರುವ ಮಣ್ಣು. ಟೋಕ್ ಬೆಟ್ಟ ಕೊನೆಯ ದಿನಗಳಲ್ಲಿ ದಿನಕ್ಕೆ ಸುಮಾರು 20 ಸೆಂಟಿಮೀಟರ್ ಸರಿಯುತ್ತಿತ್ತು. ಅಷ್ಟು ಹೊತ್ತಿಗೆ ಅಳತೆಯಿಂದ ಪ್ರಯೋಜನವಿಲ್ಲ, ಜನರನ್ನು ಎಬ್ಬಿಸುವುದೊಂದೇ ಉಳಿಯುತ್ತದೆ.

ಬಿರುಕಿಗೆ ಸಡಿಲ ಮಣ್ಣು ತುಂಬಿ ಮುಚ್ಚಿಬಿಡುವ ಅಭ್ಯಾಸ ಎಲ್ಲೆಡೆ ಇದೆ. ದಯವಿಟ್ಟು ಬೇಡ. ಮಳೆನೀರು ಒಳಗಿಳಿಯುವುದು ನಿಲ್ಲುವುದಿಲ್ಲ, ಕಣ್ಣಿಗೆ ಕಾಣುತ್ತಿದ್ದ ಗುರುತು ಮಾತ್ರ ಮರೆಯಾಗುತ್ತದೆ. ಟಾರ್ಪಾಲಿನ್ ಹೊದಿಸಿ, ಅಂಚುಗಳಿಗೆ ಮರಳಿನ ಮೂಟೆ ಇಡಿ, ಮೇಲಿನಿಂದ ಹರಿದು ಬರುವ ನೀರನ್ನು ಪಕ್ಕಕ್ಕೆ ತಿರುಗಿಸಿ. ಉಳಿದದ್ದು ಎಂಜಿನಿಯರಿಗೆ ಸೇರಿದ್ದು.

ಹೆಜ್ಜೆ ಮೂರು: ಜಿನುಗುವ ನೀರಿನ ಬಣ್ಣ ನೋಡಿ

ಏರಿಯ ಹೊರಮೈಯಲ್ಲಿ, ಬುಡದಲ್ಲಿ ಸ್ವಲ್ಪ ಜಿನುಗು ಇರುವುದು ಮಣ್ಣಿನ ಕಟ್ಟೆಗಳ ಸಹಜ ಗುಣ. ಎಲ್ಲವೂ ಒಣಗಿರುವ ಕಾಲದಲ್ಲಿ ಏರಿಯ ಕೆಳಗೊಂದು ಕಡೆ ಹುಲ್ಲು ಹಚ್ಚಗಿದ್ದರೆ, ಜೊಂಡು ಬೆಳೆದಿದ್ದರೆ, ಅಲ್ಲಿ ಜಿನುಗಿದೆ ಎಂದು ನಕ್ಷೆಯಲ್ಲಿ ಬರೆಯಿರಿ. ಒಂದು ಚೊಂಬು ತುಂಬಲು ಎಷ್ಟು ಹೊತ್ತು ಬೇಕೆಂದು ವಾರಕ್ಕೊಮ್ಮೆ ನೋಡಿ. ತಿಳಿನೀರು, ಕೆರೆಯ ಮಟ್ಟಕ್ಕೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತಿದ್ದರೆ ಗಮನಿಸುತ್ತಿದ್ದರೆ ಸಾಕು. ಕೆರೆ ಏರದೆಯೂ ಹರಿವು ಹೆಚ್ಚಿದರೆ ಅಂದೇ ತಿಳಿಸಿ. ನೀರು ಕೆಸರಾಗಿ ಬಂದರೆ ಏರಿಯ ಒಳಗಿನ ಮಣ್ಣೇ ಕೊಚ್ಚಿ ಬರುತ್ತಿದೆ. ಒಳಗೊಳಗೆ ಸುರಂಗ ಕೊರೆಯುತ್ತಿದೆ ಎಂದು ತಿಳಿದು ಕೆಳಗಿನ ಮನೆಗಳನ್ನು ತೆರವು ಮಾಡಿಸಿ, ಫೋನನ್ನೂ ಮಾಡಿ. ಒಂದಾದ ಮೇಲೆ ಒಂದಲ್ಲ, ಎರಡೂ ಒಟ್ಟಿಗೇ ನಡೆಯಲಿ.

ಜಿನುಗಿನ ಬಾಯಿಗೆ ಹೊರಗಿನಿಂದ ಜೇಡಿ ಮೆತ್ತುವುದು ತೋರಿಕೆಗೆ ಜಾಣತನ, ನಿಜದಲ್ಲಿ ಅಪಾಯ. ದಾರಿ ಮುಚ್ಚಿದ ನೀರು ಒಳಗೆ ಒತ್ತಡ ಹೆಚ್ಚಿಸಿಕೊಂಡು ಬೇರೆಡೆ ಒಡೆಯುತ್ತದೆ. ಅನುಭವಿಗಳು ಮಾಡುವುದು ಇದಕ್ಕೆ ತದ್ವಿರುದ್ಧ: ಜಿನುಗಿನ ಮೇಲೆ ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ, ಕೊನೆಗೆ ಕಲ್ಲು. ನೀರು ಹೊರಬರಲಿ, ಮಣ್ಣು ಬರದಿರಲಿ ಎಂಬುದು ಇದರ ತತ್ವ. ಬುಡದಲ್ಲಿ ಹೀಗೆ ಭಾರ ಹೇರುವುದು ಜಾರುವಿಕೆಗೂ ತಡೆ. ತಲೆಯ ಮೇಲೆ ಭಾರ ಹೇರಿದರೆ ಮಾತ್ರ ಕೇಡು. ಕುಸಿಯುತ್ತಿರುವ ಏರಿಯ ಮೇಲೆ ಟ್ರ್ಯಾಕ್ಟರುಗಟ್ಟಲೆ ಮಣ್ಣು ಸುರಿಯುವುದನ್ನು ಕಂಡರೆ ತಡೆಯಿರಿ.

ಹೆಜ್ಜೆ ನಾಲ್ಕು: ಇಳಿಯುವ ನೀರಿನ ಲೆಕ್ಕ

ತೂಬಿನ ಕಂಬದ ಗೆರೆಗಳು ಈಗ ಕೆಲಸಕ್ಕೆ ಬಂದವು. ಪ್ರತಿದಿನ ಬೆಳಗ್ಗೆ ಒಂದೇ ಹೊತ್ತಿಗೆ ಮಟ್ಟ ಬರೆಯಿರಿ. ಊರಿನ ಹೈಸ್ಕೂಲಿನ ಮಕ್ಕಳಿಗೆ ಇದನ್ನು ಒಪ್ಪಿಸಬಹುದು, ಏರಿಯ ಒಣ ಭಾಗದಿಂದಲೇ ಓದುವಂತೆ, ದೊಡ್ಡವರೊಬ್ಬರ ಜೊತೆಯಲ್ಲಿ.

ನೀರು ಬೇಗ ಇಳಿಯುವ ಸಂದರ್ಭಗಳು ನಮ್ಮಲ್ಲಿ ನಾಲ್ಕಾರು ಇವೆ. ಅಚ್ಚುಕಟ್ಟಿನ ರೈತರ ಒತ್ತಾಯಕ್ಕೆ ಎಲ್ಲ ತೂಬುಗಳನ್ನೂ ಪೂರ್ತಿ ಎತ್ತುವುದು ಒಂದು. ಅಂಗಳದಲ್ಲಿ ಬೆಳೆ ಇಟ್ಟವರ ಹೊಲ ಮುಳುಗಿತೆಂದು ರಾತ್ರೋರಾತ್ರಿ ಯಂತ್ರ ತಂದು ಕೋಡಿಯನ್ನು ಕೊರೆಯುವುದು ಇನ್ನೊಂದು. ಮೀನಿನ ಗುತ್ತಿಗೆಯವರು ಹಿಡಿಯಲು ಅನುಕೂಲವಾಗಲೆಂದು ನೀರು ಖಾಲಿ ಮಾಡಿಸುವುದೂ ಉಂಟು. ಏರಿಯಲ್ಲಿ ಸೋರಿಕೆ ಕಂಡ ಭಯದಲ್ಲಿ ಒಂದೇ ಏಟಿಗೆ ನೀರು ಬಿಡುವುದು ಎಲ್ಲಕ್ಕಿಂತ ಕಷ್ಟದ ಸಂದರ್ಭ, ಏಕೆಂದರೆ ಅಲ್ಲಿ ಇಳಿಸುವುದೂ ಅಗತ್ಯ, ಬೇಗ ಇಳಿಸುವುದೂ ಅಪಾಯ. ದಿನಕ್ಕೆ ಎಷ್ಟು ಇಳಿಸಬಹುದು ಎಂಬ ಮಿತಿಯನ್ನು ಏರಿಯ ಮಣ್ಣು, ಎತ್ತರ, ಇಳಿಜಾರು ನೋಡಿ ಎಂಜಿನಿಯರೇ ಹೇಳಬೇಕು. ನಿಮ್ಮ ಕೆರೆಗೆ ಆ ಮಿತಿ ಏನೆಂದು ತೊಂದರೆ ಬರುವ ಮುನ್ನವೇ ಲಿಖಿತವಾಗಿ ಕೇಳಿ ಪಡೆಯಿರಿ.

ನೀರು ಇಳಿದಂತೆ ಹೊರಬರುವ ಒಳಮೈಯನ್ನು ವಾರಕ್ಕೊಮ್ಮೆ ನೋಡಿ. ಕಲ್ಲುಹೊದಿಕೆ ಉಬ್ಬಿದೆಯೇ, ಒಂದು ಕಡೆ ತಗ್ಗಿದೆಯೇ, ಕಲ್ಲುಗಳ ಸಂದಿನಿಂದ ಕೆಸರು ಇಳಿದಿದೆಯೇ ಗಮನಿಸಿ. ಉಬ್ಬು ಬುಡದಲ್ಲಿ, ತಗ್ಗು ಮೇಲೆ ಕಂಡರೆ ಜಾರುವಿಕೆ ಆರಂಭವಾಗಿದೆ. ಈ ಕಾಲದಲ್ಲಿ ಏರಿಯ ಮೇಲಿನ ರಸ್ತೆಯಲ್ಲಿ ಜಲ್ಲಿ ಲಾರಿಗಳ ಓಟ ನಿಲ್ಲಿಸುವಂತೆ ಪಂಚಾಯಿತಿಯಿಂದ ಠರಾವು ಮಾಡಿಸಿದರೆ ಒಳ್ಳೆಯದು.

ಹೂಳು ತೆಗೆಯುವಾಗ

ಹೂಳು ತೆಗೆಯುವುದು ಪುಣ್ಯದ ಕೆಲಸ, ಆದರೆ ಎಲ್ಲಿಂದ ತೆಗೆಯುತ್ತೀರಿ ಎಂಬುದರಲ್ಲಿ ಎಲ್ಲವೂ ಇದೆ. ಲಾರಿ ಸುಲಭವಾಗಿ ಬರುತ್ತದೆಂದು ಏರಿಯ ಬುಡದಲ್ಲೇ ಗುಂಡಿ ತೋಡುವುದನ್ನು ನಾನು ಎಷ್ಟೋ ಕೆರೆಗಳಲ್ಲಿ ಕಂಡಿದ್ದೇನೆ. ಇಳಿಜಾರಿನ ಬುಡವೇ ಅದರ ಕಾಲು. ಕಾಲು ಕಡಿದ ಏರಿ ಮೊದಲ ಮಳೆಗೇ ಒಳಮೈಯಿಂದ ಜಾರಬಹುದು. ತಳದ ಜೇಡಿಪದರವನ್ನು ಸೀಳಿ ಮೊರಂ ಬರುವವರೆಗೆ ಅಗೆದರೆ ನೀರು ಏರಿಯ ಅಡಿಯಿಂದ ದಾರಿ ಮಾಡಿಕೊಳ್ಳುತ್ತದೆ. ಅಂಗಳದ ನಡುಭಾಗದಿಂದ, ಏರಿಯಿಂದ ಅದರ ಎತ್ತರದ ಹಲವು ಪಟ್ಟು ದೂರದಿಂದ, ಹೂಳಿನ ಪದರವನ್ನಷ್ಟೇ ತೆಗೆಸಿ. ಗುಂಡಿಯ ಅಂಚುಗಳು ನೆಟ್ಟಗಿರದೆ ಇಳಿಜಾರಾಗಿರಲಿ. ನೆಟ್ಟಗಿನ ಅಂಚುಗಳಲ್ಲಿ ಕಾಲು ಜಾರಿ ಮುಳುಗಿ ಸಾಯುವ ಮಕ್ಕಳ ಸುದ್ದಿ ನಮ್ಮ ಕಡೆ ಮತ್ತೆ ಮತ್ತೆ ಬರುತ್ತಲೇ ಇದೆ.

ಮರಗಳ ವಿಷಯದಲ್ಲಿ ಬೆಟ್ಟಕ್ಕೂ ಏರಿಗೂ ವ್ಯತ್ಯಾಸವಿದೆ. ಬೆಟ್ಟದ ಇಳಿಜಾರಿನಲ್ಲಿ ಮರದ ಬೇರು ಮಣ್ಣನ್ನು ಹಿಡಿಯುತ್ತದೆ, ಅಲ್ಲಿ ಮರ ಬೇಕು. ಮಣ್ಣಿನ ಏರಿಯಲ್ಲಿ ದೊಡ್ಡ ಮರ ಬೇಡ, ಏಕೆಂದರೆ ಸತ್ತ ಬೇರು ಕೊಳೆತು ಏರಿಯೊಳಗೆ ಕೊಳವೆಯಾಗಿ ಉಳಿಯುತ್ತದೆ. ಏರಿಗೆ ದಟ್ಟ ಗರಿಕೆ, ಲಾವಂಚ ಸಾಕು. ಜಾಲಿ ಚಿಕ್ಕದಿರುವಾಗಲೇ ಬೇರುಸಹಿತ ಕೀಳಿಸಿ ಗುಳಿಯನ್ನು ಬಿಗಿಯಾಗಿ ದಮ್ಮಸು ಮಾಡಿಸಿ. ಈಗಾಗಲೇ ಬೆಳೆದು ನಿಂತ ದೊಡ್ಡ ಹೊಂಗೆ, ಹುಣಸೆಗಳನ್ನು ಕೆರೆ ತುಂಬಿರುವಾಗ ಯಂತ್ರದಿಂದ ಕಿತ್ತುಹಾಕುವ ಸಾಹಸ ಮಾತ್ರ ಬೇಡ.

ಹೆಜ್ಜೆ ಐದು: ಬೆಟ್ಟದ ಕಡೆ ತಿರುಗಿ

ನಂದಿ, ಸ್ಕಂದಗಿರಿ, ಗುಡಿಬಂಡೆಯ ಸುತ್ತಿನ ಬೆಟ್ಟಗಳ ಬುಡದಲ್ಲಿ ಗ್ರಾನೈಟ್ ಕೊಳೆತು ಆದ ಸಡಿಲ ಮಣ್ಣಿನ ನಡುವೆ ಮನೆಗಾತ್ರದ ಗುಂಡುಕಲ್ಲುಗಳು ಕುಳಿತಿರುತ್ತವೆ. ಮಳೆ ಮಣ್ಣನ್ನು ತೊಳೆದಂತೆ ಕಲ್ಲಿನ ಆಸರೆ ತಪ್ಪುತ್ತದೆ. ನಿಮ್ಮ ಮನೆಯ ಮೇಲ್ಭಾಗದ ಕಲ್ಲುಗಳನ್ನು ವರ್ಷಕ್ಕೆರಡು ಬಾರಿ ಒಂದೇ ಜಾಗದಿಂದ ಫೋಟೋ ತೆಗೆದಿಡಿ. ಕಲ್ಲಿನ ಬುಡದಲ್ಲಿ ಹೊಸ ಮಣ್ಣು ಬಿದ್ದಿದೆಯೇ, ಮೇಲ್ಬದಿಯಲ್ಲಿ ಹೊಸ ಸಂದು ಕಂಡಿದೆಯೇ, ಪಕ್ಕದ ಗಿಡ ಅಥವಾ ಬೇಲಿಕಂಬ ಓರೆಯಾಗಿದೆಯೇ ನೋಡಿ. ಹತ್ತಿರದಲ್ಲಿ ಕಲ್ಲುಗಣಿಯ ಸ್ಫೋಟ ನಡೆಯುತ್ತಿದ್ದರೆ ಇನ್ನೂ ಹೆಚ್ಚು ಬಾರಿ ನೋಡಬೇಕು.

ಮನೆಗೋ ಹಸಿರುಮನೆಗೋ ರೆಸಾರ್ಟಿಗೋ ದಿಣ್ಣೆಯನ್ನು ನೆಟ್ಟಗೆ ಕಡಿದಿದ್ದರೆ, ಕಡಿತದ ಮೇಲಂಚಿನಲ್ಲಿ ಮಳೆನೀರು ಪಕ್ಕಕ್ಕೆ ಹರಿಯಲು ಕಾಲುವೆ ಮಾಡಿಸಿ. ಮಾಳಿಗೆಯ ನೀರು, ಹನಿ ನೀರಾವರಿಯ ಸೋರುವ ಪೈಪು, ಬಚ್ಚಲ ಗುಂಡಿ ಇವು ಆ ಅಂಚಿಗೆ ಬರಕೂಡದು. ನಮ್ಮ ಜಿಲ್ಲೆಗೆ ಇಂಗುಗುಂಡಿ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಗಳ ನೆತ್ತಿಯ ಮೇಲಿನ ಕಡಿದಾದ, ಆಳವಾದ ಮಣ್ಣಿನ ಇಳಿಜಾರು ನೀರಿಂಗಿಸುವ ಜಾಗವಲ್ಲ. ಅಲ್ಲಿ ನೀರು ಬೇಗ ಹರಿದು ಹೋಗಬೇಕು.

ಯಾರಿಗೆ, ಹೇಗೆ ತಿಳಿಸುವುದು

ಕೆರೆ ಯಾರದೆಂದು ಗೊತ್ತಿಲ್ಲದೆ ಅರ್ಜಿ ಅಲೆಯುತ್ತದೆ. 40 ಹೆಕ್ಟೇರ್‌ವರೆಗಿನ ಅಚ್ಚುಕಟ್ಟಿನ ಕೆರೆ ಸಾಮಾನ್ಯವಾಗಿ ಪಂಚಾಯತ್ ರಾಜ್ ವ್ಯವಸ್ಥೆಯದು, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಯದು. ಅರ್ಜಿಯಲ್ಲಿ ಕೆರೆಯ ಹೆಸರು, ಗ್ರಾಮ, ಸರ್ವೆ ನಂಬರು, ಬಿರುಕಿನ ಉದ್ದ ಅಗಲ, ಅಳತೆಯ ಸಾಲುಗಳು, ಕೋಲು ಅಥವಾ ಟೇಪು ಪಕ್ಕದಲ್ಲಿಟ್ಟು ತೆಗೆದ ಫೋಟೋ ಇರಲಿ. "ಏರಿ ಅಪಾಯದಲ್ಲಿದೆ" ಎಂಬ ಒಂದು ಸಾಲಿನ ಅರ್ಜಿಗೂ, ಆರು ವಾರಗಳ ಅಳತೆಯಿರುವ ಅರ್ಜಿಗೂ ಕಚೇರಿಯಲ್ಲಿ ಸಿಗುವ ಗಮನವೇ ಬೇರೆ. ಒಂದು ಪ್ರತಿಯನ್ನು ತಹಶೀಲ್ದಾರರಿಗೆ, ಇನ್ನೊಂದನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಕೊಟ್ಟು ಸ್ವೀಕೃತಿ ಪಡೆಯಿರಿ.

15 ಮೀಟರಿಗಿಂತ ಎತ್ತರದ ಅಣೆಕಟ್ಟೆಗಳಿಗೆ, ಕೆಲವು ಷರತ್ತುಗಳಿಗೆ ಒಳಪಟ್ಟು 10ರಿಂದ 15 ಮೀಟರ್ ಎತ್ತರದವುಗಳಿಗೂ, 2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆ ಅನ್ವಯಿಸುತ್ತದೆ. ಮಳೆಗಾಲದ ಮೊದಲು ಮತ್ತು ನಂತರ ತಪಾಸಣೆ ನಡೆಯಬೇಕು, ತುರ್ತು ಕ್ರಿಯಾಯೋಜನೆ ಇರಬೇಕು. ನಿಮ್ಮ ಅಣೆಕಟ್ಟೆಯ ಆ ಯೋಜನೆಯಲ್ಲಿ ನಿಮ್ಮ ಹಳ್ಳಿಯ ಹೆಸರಿದೆಯೇ ಎಂದು ಗ್ರಾಮಸಭೆಯಲ್ಲಿ ಕೇಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ.

ಮಳೆಯ ರಾತ್ರಿ

ನೇರ ಅಂಚಿನ ಡಬ್ಬವೊಂದನ್ನು ಬಯಲಲ್ಲಿಟ್ಟರೆ ಮಳೆಯ ಅಳತೆ ಸಿಗುತ್ತದೆ. ಒಂದು ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಭಾರೀ ಮಳೆ, 115.6 ಮುಟ್ಟಿದರೆ ಅತಿ ಭಾರೀ. ಮಣ್ಣಿಗೆ ಒಂದು ದಿನದ ಮಳೆಗಿಂತ, ನಾಲ್ಕು ದಿನ ನೆನೆದ ಮೇಲೆ ಬೀಳುವ ಐದನೆಯ ದಿನದ ಮಳೆ ಹೆಚ್ಚು ಕೆಟ್ಟದ್ದು. ನಮ್ಮಲ್ಲಿ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಈ ಎಚ್ಚರ ಬೇಕು.

ಏರಿಯ ಕೆಳಗಿನ ಮತ್ತು ದಿಣ್ಣೆಯ ಬುಡದ ಮನೆಗಳವರು ಅಂಥ ರಾತ್ರಿ ಬೇರೆಡೆ ಮಲಗಲಿ. ವೃದ್ಧರು, ಬಾಣಂತಿಯರು, ಹಾಸಿಗೆ ಹಿಡಿದವರನ್ನು ಬೆಳಕಿರುವಾಗಲೇ ಸ್ಥಳಾಂತರಿಸಿ. ದನಕರುಗಳ ಹಗ್ಗ ಬಿಚ್ಚಿರಿ. ಮೊಬೈಲ್ ಸಂಪರ್ಕ ಕೈಕೊಡುತ್ತದೆ, ಆದ್ದರಿಂದ ಗುಡಿಯ ಗಂಟೆ ಅಥವಾ ತಮಟೆಯ ಸದ್ದಿಗೆ ಏನರ್ಥ ಎಂಬುದನ್ನು ಊರು ಮೊದಲೇ ತೀರ್ಮಾನಿಸಿಕೊಳ್ಳಲಿ. ಹರಿಯುತ್ತಿದ್ದ ಹಳ್ಳ ಇದ್ದಕ್ಕಿದ್ದಂತೆ ಬತ್ತಿದರೆ ಅಥವಾ ಕೆಸರಾದರೆ, ಮರಗಳು ಮುರಿಯುವ, ಕಲ್ಲುಗಳು ತಾಕುವ ಸದ್ದು ಕೇಳಿದರೆ, ನೋಡಲು ಹೋಗಬೇಡಿ. ಹಳ್ಳದ ಉದ್ದಕ್ಕೆ ಕೆಳಗೆ ಓಡಬಾರದು, ಅಡ್ಡಲಾಗಿ ಎತ್ತರದ ಕಡೆಗೆ ಹೋಗಬೇಕು. ಏರಿಯ ಮೇಲೆ ವಾಹನ ಓಡಿಸಬಾರದು. ದಡ ಜಾರುತ್ತಿರುವ ಜಲಾಶಯದ ಎದುರು ದಡವೂ ಸುರಕ್ಷಿತವಲ್ಲ, ಮಣ್ಣು ಬಿದ್ದ ರಭಸಕ್ಕೆ ಅಲೆ ಅಲ್ಲಿಗೇ ಬಂದು ಬಡಿಯುತ್ತದೆ. ತೆಪ್ಪ, ಮೀನು, ಸ್ನಾನ ಎಲ್ಲವೂ ನಿಲ್ಲಲಿ. 112 ಅಥವಾ ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ಕರೆ ಮಾಡಿ ಕೆರೆ, ಗ್ರಾಮ, ತಾಲ್ಲೂಕಿನ ಹೆಸರುಗಳನ್ನು ಮೊದಲು ಹೇಳಿ.

ಕುಸಿದ ಮೇಲೆ

ಒಮ್ಮೆ ಜಾರಿದ ಜಾಗ ಗಂಟೆಗಳೊಳಗೆ ಮತ್ತೆ ಜಾರಬಹುದು. ಸಾಮಾನು ತರಲೆಂದು ಯಾರೂ ಹಿಂದಿರುಗದಿರಲಿ. ತಂತಿಗಳ ವಿದ್ಯುತ್ ಕಡಿತವಾಗಿದೆಯೆಂದು ಖಚಿತಪಡಿಸಿಕೊಳ್ಳಿ. ಮಣ್ಣು ತೆಗೆಯುವ ಮುನ್ನ ಎಲ್ಲ ದಿಕ್ಕಿನಿಂದ ಫೋಟೋ ತೆಗೆದು, ಗ್ರಾಮ ಆಡಳಿತಾಧಿಕಾರಿಯಿಂದ ಪಂಚನಾಮೆ ಮಾಡಿಸಿ. ಭೂಕುಸಿತ ರಾಜ್ಯ ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿರುವ ವಿಪತ್ತು. 2022–26ರ ಮಾನದಂಡದಲ್ಲಿ ಸಣ್ಣ, ಅತಿಸಣ್ಣ ರೈತರ ಜಮೀನಿನ ಮೇಲೆ ಕುಳಿತ ಹೂಳು ತೆಗೆಸಲು ಹೆಕ್ಟೇರಿಗೆ 18,000 ರೂಪಾಯಿ, ಕುಸಿತದಿಂದ ಜಮೀನಿನ ಹೆಚ್ಚಿನ ಭಾಗವೇ ನಷ್ಟವಾದರೆ ಹೆಕ್ಟೇರಿಗೆ 47,000 ರೂಪಾಯಿ ನೆರವು ನಿಗದಿಯಾಗಿತ್ತು. ಹೂಳಿನ ದಪ್ಪ ಮೂರು ಇಂಚಿಗಿಂತ ಹೆಚ್ಚಿರಬೇಕೆಂಬ ಷರತ್ತೂ ಅದರಲ್ಲಿತ್ತು. ಆದ್ದರಿಂದ ಹೊಲದ ನಾಲ್ಕಾರು ಕಡೆ ಕೋಲು ಚುಚ್ಚಿ, ಟೇಪು ಹಿಡಿದು, ಅಳತೆ ಕಾಣುವಂತೆ ಫೋಟೋ ತೆಗೆದ ನಂತರವೇ ಉಳುಮೆಗೆ ಇಳಿಯಿರಿ.